ಬಸ್ಸಿಗೆ ಹತ್ತಿರದ ಮನೆ

ಮಸ್ಕಿಯಲ್ಲಿ ನಾವು ಮನೆ ಹುಡುಕಿದ್ದು ಮಸ್ಕಿಗಾಗಿ ಅಲ್ಲ. ನನ್ನ ಗಂಡನಿಗೆ ಲಿಂಗಸೂಗೂರಿನಲ್ಲಿ ಕಚೇರಿ, ನನಗೆ ಸಿಂಧನೂರಿನಲ್ಲಿ ಶಾಲೆ. ಎರಡಕ್ಕೂ ಹೆಚ್ಚುಕಡಿಮೆ ಸಮದೂರದಲ್ಲಿ ಈ ಊರಿತ್ತು. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಗಂಡ ಒಂದು ದಿಕ್ಕಿಗೆ, ಹೆಂಡತಿ ಇನ್ನೊಂದು ದಿಕ್ಕಿಗೆ ಬಸ್ಸು ಹತ್ತಿ ಸಂಜೆ ಒಂದೇ ಬಾಗಿಲಿಗೆ ಬಂದಿಳಿಯುವುದು ನೋಡಿದವರಿಗೆ ತಮಾಷೆಯಾಗಿತ್ತು.

ಮನೆ ನೋಡಲು ಹೋದ ದಿನ ಮಾವನವರೂ ಜೊತೆಗಿದ್ದರು. ಊರಿನ ಕೊನೆಗೆ, ಸಿಂಧನೂರು ರಸ್ತೆಗೆ ತಾಗಿ, ಹೊಸದಾಗಿ ಎದ್ದ ಒಂದು ಸಾಲು ಮನೆಗಳು. ಮಾಲಕ ಬೀಗ ತೆಗೆಯುವ ಮೊದಲೇ ರಸ್ತೆಯ ಕಡೆ ಕೈ ತೋರಿಸಿದ.

"ಬಸ್ ಸ್ಟ್ಯಾಂಡಿನ ಮುಖಾನ ನೋಡೂದು ಬ್ಯಾಡ್ರಿ. ಬಾಗಲದಾಗ ನಿಂತು ಕೈ ಮಾಡ್ರಿ, ಗಾಡಿ ನಿಂದರ್ತಾವ. ಎರಡೂ ಕಡೀವು."

ಗಂಡ ಬಸ್ಸುಗಳ ವೇಳೆ ಕೇಳಿದರು. ಮಾವ ನೀರಿನ ಬಗ್ಗೆ ಕೇಳಿದರು. ನನಗೂ ಕೇಳುವುದೊಂದಿತ್ತು. ಹಿತ್ತಿಲಿಗೆ ಹೋಗಿ ನೋಡಿದೆ. ಒಂದು ಬಚ್ಚಲಿತ್ತು, ಗೋಡೆಗೆ ಒರಗಿಸಿದ ಏಣಿ ಇತ್ತು, ಅಷ್ಟೆ. ಹೊರಗೆ ಬಂದಾಗ ಮೂವರು ಗಂಡಸರೂ ನನ್ನ ಮುಖ ನೋಡುತ್ತಿದ್ದರು.

"ಹೆಂಗೈತಿ?" ಎಂದರು ಗಂಡ.

ಮಾವನ ಎದುರು, ಗುರುತಿಲ್ಲದ ಗಂಡಸಿನ ಎದುರು, ಪಾಯಖಾನೆ ಎಲ್ಲಿ ಎಂದು ಕೇಳಲು ಬಾಯಿ ಬರಲಿಲ್ಲ. "ಚಲೋ ಐತಿ," ಎಂದೆ.

ರಸ್ತೆಯ ಆಚೆ ಬಿಳಿಜೋಳ ಆಳೆತ್ತರ ನಿಂತಿತ್ತು. ಅದನ್ನು ನಾನು ಆಗ ಬರಿಯ ಚೆಂದಕ್ಕೆ ನೋಡಿದೆನೋ, ಮುಂದೆ ಏತಕ್ಕೆ ಬೇಕಾಗುತ್ತದೆಂದು ಆಗಲೇ ಅಂದಾಜು ಮಾಡಿದೆನೋ, ಈಗ ಹೇಳಲಾರೆ. ಚೆಂದಕ್ಕೆ ನೋಡಿದೆ ಎಂದು ಬರೆದರೆ ನಾನು ಹೆಚ್ಚು ಮುಗ್ಧೆಯಾಗಿ ಕಾಣುತ್ತೇನೆ. ಆದ್ದರಿಂದ ಆ ಮಾತನ್ನು ನಾನೇ ನಂಬುವುದಿಲ್ಲ.

ಜೋಳ ಇರುವವರೆಗೆ ನಡೆದುಹೋಯಿತು. ಕತ್ತಲಿರುವಾಗಲೇ ಸಾಲುಮನೆಯ ಹೆಂಗಸರೆಲ್ಲ ಚರಿಗೆಯಲ್ಲಿ ನೀರು ಹಿಡಿದು ರಸ್ತೆ ದಾಟುತ್ತಿದ್ದರು. ನನ್ನನ್ನು ಮೊದಲು ಕರೆದುಕೊಂಡು ಹೋದವಳು ಪಕ್ಕದ ಮನೆಯಾಕೆ. ನನ್ನ ತಾಯಿಯ ವಯಸ್ಸಿನವಳು, ಕತ್ತಲಲ್ಲೂ ಮಾತು ನಿಲ್ಲಿಸದವಳು. ಗಂಡ ಬೆಳಗಾದ ಮೇಲೆ, ಅದೇ ಚರಿಗೆ ಹಿಡಿದು, ಎದುರು ಸಿಕ್ಕವರಿಗೆ ನಮಸ್ಕಾರ ಹೇಳುತ್ತ ಗುಡ್ಡದ ಕಡೆ ಹೋಗಿಬರುತ್ತಿದ್ದರು.

ಮಾಘ ಕಳೆದು ಜೋಳ ಕಿತ್ತರು. ಎರೆಹೊಲ ಬೋಳಾಯಿತು. ಅಲ್ಲೊಂದು ಇಲ್ಲೊಂದು ಜಾಲಿಗಿಡ ಬಿಟ್ಟರೆ ಮರೆ ಎಂಬುದೇ ಇಲ್ಲ. ಅದೇ ಹೊತ್ತಿಗೆ ಶಾಲೆಗಳು ಬೇಸಿಗೆಯ ಮುಂಜಾನೆ ವೇಳೆಗೆ ಬದಲಾದವು. ನಾನು ಲಿಂಗಸೂಗೂರಿನಿಂದ ಬರುವ ಮೊದಲ ಬಸ್ಸನ್ನೇ ಹಿಡಿಯಬೇಕಾಯಿತು.

ಬೋಳುಹೊಲದಲ್ಲಿ ಹೆಂಗಸರಿಗೆ ಒಂದೇ ಉಪಾಯ. ದೂರದಲ್ಲಿ ಗಾಡಿಯ ಸದ್ದು ಕೇಳಿದರೆ ಎಲ್ಲರೂ ಎದ್ದು ನಿಲ್ಲಬೇಕು, ಸೆರಗು ಮುಖದ ಮೇಲೆ ಎಳೆದುಕೊಂಡು ರಸ್ತೆಗೆ ಬೆನ್ನು ಮಾಡಬೇಕು. ಬೆಳಕು ಹಾದುಹೋದ ಮೇಲೆ ಕೂರಬೇಕು. ಲಾರಿ ಬಂದರೆ ಮತ್ತೆ ಏಳಬೇಕು. ಬಸ್ಸು ನಮ್ಮ ಮನೆ ದಾಟಿದ ಕೂಡಲೇ ರಸ್ತೆ ತಿರುಗುತ್ತಿತ್ತು. ಆ ತಿರುವಿನಲ್ಲಿ ದೀಪಗಳು ಇಡೀ ಹೊಲವನ್ನು ಬಾಚಿದಂತೆ ಹಾಯುತ್ತಿದ್ದವು.

ನೆನಪಿನಲ್ಲಿ ನಾನು ಆ ಸಾಲಿನ ಬೆನ್ನುಗಳನ್ನು ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದೇನೆ. ಅದೇ ಕ್ಷಣದಲ್ಲಿ ನನ್ನ ಬೆನ್ನಿನ ಮೇಲೆ ಬೆಳಕು ಬೀಳುತ್ತಿದೆ. ಎರಡೂ ಒಟ್ಟಿಗೆ ಆಗಲು ಸಾಧ್ಯವಿಲ್ಲ. ಲಾರಿಗಳಿಗೆ ಎದ್ದು ನಿಂತಿದ್ದೆ, ಆಮೇಲೆ ಮನೆಗೆ ಓಡಿ, ಸೀರೆ ಬದಲಿಸಿ, ಬಸ್ಸು ಹತ್ತಿದ್ದೆ. ಸರಿಯಾದ ಕ್ರಮ ಇದೇ. ಮನಸ್ಸು ಮಾತ್ರ ಇದನ್ನು ಒಪ್ಪಿಕೊಂಡಿಲ್ಲ.

ಆ ಬಸ್ಸಿನಲ್ಲಿ ನಮ್ಮ ಶಾಲೆಯ ಇಬ್ಬರು ಮೇಷ್ಟ್ರುಗಳು ಲಿಂಗಸೂಗೂರಿನಿಂದ ಬರುತ್ತಿದ್ದರು. ತಿರುವಿನಲ್ಲಿ ಬೆಳಕು ಹೊಲದ ಮೇಲೆ ಬಿದ್ದ ಒಂದು ದಿನ ಗಣಿತದ ಮೇಷ್ಟ್ರು ನಕ್ಕರು.

"ನೋಡಲೇ, ಸಲಾಮಿ ಸುರುವಾತು. ಇಷ್ಟು ಮರ್ಯಾದಿ ಕಲೆಕ್ಟರಗೂ ಸಿಗಂಗಿಲ್ಲ."

"ಸುಮ್ನ ಕುಂದರಲೇ," ಎಂದರು ಇನ್ನೊಬ್ಬರು, ದನಿ ತಗ್ಗಿಸಿ. "ಮೇಡಂ ಅದಾರ."

ಆ ನಗೆಗಿಂತ ಈ ಮಾತು ನನ್ನನ್ನು ಹೆಚ್ಚು ಕುಗ್ಗಿಸಿತು. ಹೊಲದಲ್ಲಿರುವವರು ಬೇರೆ, ಮೇಡಂ ಬೇರೆ ಎಂದು ಅವರು ನನಗೆ ಗೌರವ ಕೊಟ್ಟಿದ್ದರು. ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿ ಆ ಗೌರವವನ್ನು ಇಟ್ಟುಕೊಂಡೆ.

ಪಕ್ಕದ ಮನೆಯಾಕೆಯ ಮಗಳು ಆಗ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ತುಂಬುತ್ತ ಬಂದಿತ್ತು. ಕೂತರೆ ಏಳುವುದು ಕಷ್ಟ, ಎದ್ದರೆ ಕೂರುವುದು ಕಷ್ಟ. ತಾಯಿ ಅವಳ ರಟ್ಟೆ ಹಿಡಿದು ಎಬ್ಬಿಸಬೇಕಾಗುತ್ತಿತ್ತು.

"ಟೀಚರಮ್ಮ, ನೀ ದಿನಾ ಆ ಬಸ್ಸಿಗೇ ಹೋಗ್ತಿ," ಎಂದಳು ತಾಯಿ. "ಡ್ರೈವರಗ ಒಂದು ಮಾತು ಹೇಳಬಾರದೇನು? ಆ ತಿರುವಿನ್ಯಾಗ ಲೈಟು ಒಂದೀಟು ಆರಿಸು ಅಂತ."

"ಹೇಳ್ತೀನಿ."

"ಹೇಳ್ತೀನಿ ಅಂತ ಹೋದವಾರನೂ ಅಂದಿ. ಮಕ್ಕಳಿಗೆ ಪಾಠ ಒದರತಿ, ಡ್ರೈವರನ ಮುಂದ ನಾಲಿಗಿ ಬಿದ್ದು ಹೋಗ್ಯಾದೇನು?"

ಮಗಳು ನಕ್ಕಳು, ನಾನೂ ನಕ್ಕೆ. ಬಸ್ಸಿನಲ್ಲಿ ಕೂತು ವಾಕ್ಯವನ್ನು ಹೊಂದಿಸಿಕೊಳ್ಳುತ್ತಿದ್ದೆ. ಯಾವ ಪದ ಇಟ್ಟರೂ ಗಂಡಸರ ಕಣ್ಣಿಗೆ ಒಂದು ಚಿತ್ರ ಬರುತ್ತಿತ್ತು. ತಿರುವು ದಾಟಿಹೋಗುತ್ತಿತ್ತು.

ಕೊನೆಗೆ ಒಂದು ಬೆಳಗ್ಗೆ ಆ ಹುಡುಗಿಗೆ ಏಳಲಾಗಲಿಲ್ಲ. ಅರ್ಧ ಎದ್ದು, ತಾಯಿಯ ಕೈ ಜಾರಿ, ಮತ್ತೆ ಕುಸಿದಳು. ರಸ್ತೆಗೆ ಬೆನ್ನು ಮಾಡಲಾಗಲಿಲ್ಲ, ಸೆರಗೂ ಮುಖಕ್ಕೆ ಏರಿರಲಿಲ್ಲ. ದೀಪ ನೇರ ಮುಖಕ್ಕೆ ಬಿತ್ತು. ನಾನು ಆಗಲೇ ಬಸ್ಸಿನಲ್ಲಿದ್ದೆ; ಹೊಲದ ಬದಿಯ ಸೀಟುಗಳಲ್ಲಿ ಇದ್ದವರೆಲ್ಲ ಅವಳನ್ನು ನೋಡಿದರು. "ಪಾಪ, ಬಸರಿ," ಎಂದ ಯಾರೋ ಒಬ್ಬ, ಕಿಟಕಿಯಿಂದ ಕತ್ತು ಹೊರಗೆ ಚಾಚಿ.

ಮರುದಿನ ಹತ್ತಿದವಳು ಸೀಟಿಗೆ ಹೋಗಲಿಲ್ಲ. ನೇರ ಮುಂದೆ ಹೋಗಿ ಡ್ರೈವರನ ಪಕ್ಕ ನಿಂತೆ. ಎಂಜಿನ್ನಿನ ಸದ್ದಿಗೆ ಕೂಗಬೇಕಾಯಿತು.

"ತಿರುವಿನ್ಯಾಗ ಲೈಟು ಕಡಿಮಿ ಮಾಡ್ರಿ!"

"ಯಾಕ್ರಿ ಮೇಡಂ? ಎದುರಿಗೆ ಗಾಡಿ ಇಲ್ಲಲ್ಲ."

"ಹೊಲದಾಗ ಹೆಣ್ಮಕ್ಕಳು ಇರ್ತಾರ್ರಿ."

"ಅವರಿಗೇನ್ರಿ, ರೂಢಿ ಆಗೇತಿ. ಏಳ್ತಾರ, ಕುಂದರ್ತಾರ."

"ಈಗ ಬಸ್ಸು ಹತ್ತೂಕಿಂತ ಮೊದಲ ನಾನೂ ಅಲ್ಲೇ ಇದ್ದೆ ರೀ," ಎಂದೆ. "ನಮ್ಮನ್ಯಾಗೂ ಪಾಯಖಾನಿ ಇಲ್ಲ."

ಈ ಮಾತನ್ನು ಆಮೇಲೆ ಎಷ್ಟೋ ಸಲ ಹೇಳಿದ್ದೇನೆ. ಹೇಳಿದಂತೆಲ್ಲ ಅದು ನೆಟ್ಟಗಾಗುತ್ತ ಬಂದಿದೆ. ಆ ದಿನ ದನಿ ಒಡೆದು, ಅರ್ಧ ಮಾತ್ರ ಹೊರಬಿದ್ದಿರಬಹುದು.

ಡ್ರೈವರ್ ನನ್ನನ್ನು ಒಮ್ಮೆ ನೋಡಿ ದೊಡ್ಡ ದೀಪ ಆರಿಸಿದ. "ಗಾಡಿ ಹೊಲಕ್ಕ ಇಳದ್ರ ನಿಮ್ಮ ಮ್ಯಾಲ ನೋಡ್ರಿ," ಎಂದು ಗೊಣಗಿ, ಗೇರು ಇಳಿಸಿ, ಸಣ್ಣ ದೀಪದಲ್ಲಿ ಎತ್ತಿನ ಬಂಡಿಯಂತೆ ಬಸ್ಸನ್ನು ದಾಟಿಸಿದ. ಕಿಟಕಿಯ ಆಚೆ ಏನೂ ಕಾಣಲಿಲ್ಲ.

ಸೀಟಿಗೆ ಮರಳಿದಾಗ ಗಣಿತದ ಮೇಷ್ಟ್ರು ಚೀಲ ತೆಗೆದು ಜಾಗ ಮಾಡಿಕೊಟ್ಟರು, ಮುಖ ನೋಡಲಿಲ್ಲ. ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಇದುವರೆಗೆ ನನಗೊಬ್ಬಳಿಗೆ ಗೊತ್ತಿದ್ದುದು ಈಗ ಬಸ್ಸಿಗೆಲ್ಲ ಗೊತ್ತಾಗಿತ್ತು. ಸಂಜೆಯ ಹೊತ್ತಿಗೆ ಅದು ಲಿಂಗಸೂಗೂರನ್ನೂ ಮುಟ್ಟಿತ್ತು. ಗಂಡ ಚಪ್ಪಲಿ ಬಿಡುತ್ತಲೇ ಕೇಳಿದರು.

"ಮಂದಿ ಮುಂದ ಹೇಳೂ ಮಾತೇನು ಅದು?"

"ಯಾರ ಮುಂದ ಹೇಳಬೇಕಿತ್ತು?"

ಅವರ ಕಿವಿ ಕೆಂಪಾಗಿತ್ತು. ಆ ರಾತ್ರಿ ಇಬ್ಬರೂ ಒಬ್ಬರ ತಾಟು ಒಬ್ಬರು ನೋಡದೆ ಉಂಡೆವು.

ಪಕ್ಕದ ಮನೆಯಾಕೆ ಮಾತ್ರ ಗೋಡೆಯ ಆಚೆಯಿಂದ ಕೂಗಿದಳು: "ಟೀಚರಮ್ಮ, ಇವತ್ತು ಬಸ್ಸು ಕಣ್ಣು ಮುಚಗೊಂಡು ಹೋತಲ್ಲ! ನನ್ನ ಮಗಳಿಗೆ ಏಳೂದೇ ಬೇಕಾಗಲಿಲ್ಲ ನೋಡು."

ತಿಂಗಳ ಕೊನೆಗೆ ಆ ಡ್ರೈವರನ ಡ್ಯೂಟಿ ಬದಲಾಯಿತು. ಹೀಗಾಗುತ್ತದೆಂದು ನನಗೆ ಹೊಳೆದಿರಲಿಲ್ಲ. ಹೊಸಬ ದೀಪಗಳನ್ನು ಪೂರಾ ಉರಿಸಿಕೊಂಡು ಬಂದು ನಮ್ಮ ಬಾಗಿಲ ಮುಂದೆ ನಿಲ್ಲಿಸಿದ. ಆ ಹುಡುಗಿಗೆ ಇನ್ನೂ ಹೆರಿಗೆಯಾಗಿರಲಿಲ್ಲ, ಹೊಲದಲ್ಲೇ ಇದ್ದಳು. ಒಮ್ಮೆ ಹೇಳಿದವಳಿಗೆ ಎರಡನೆಯ ಸಲ ಸುಲಭ ಎಂದು ಓದುವವರು ಎಣಿಸಬಹುದು. ವಾಕ್ಯವನ್ನು ಮತ್ತೆ ಮೊದಲಿನಿಂದಲೇ ಹೊಂದಿಸಿಕೊಳ್ಳಬೇಕಾಯಿತು. ಸೀಟುಗಳಲ್ಲಿದ್ದ ಪರಿಚಯದವರೆಲ್ಲ ನಾನು ಏನು ಹೇಳಲಿದ್ದೇನೆಂದು ಗೊತ್ತಿದ್ದೂ ಕಾಯುತ್ತಿದ್ದರು. ಮುಂದೆ ಹೋಗಿ, ಕಂಬಿ ಹಿಡಿದು, "ಡ್ರೈವರ್ ಸಾಹೇಬ್ರ," ಎಂದೆ.