ಚಿಗವ್ವ ನೋಡಿದ ದೆವ್ವದ ಸಿನೆಮಾ

ಸಂಸ್ಥಾನ ಹೋಗಿ ಜಮಖಂಡಿ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲಿನ ಮಾತು. ನಾನು ರಬಕವಿಯಲ್ಲಿ ಸಾಲಿ ಮಾಸ್ತರನಾಗಿದ್ದೆ. ಜಮಖಂಡಿಯಿಂದ ಹೊರಡುತ್ತಿದ್ದ ಒಂದು ವಾರಪತ್ರಿಕೆಗೆ ಸಿನೆಮಾ ವಿಮರ್ಶೆ ಬರೆಯುತ್ತಿದ್ದೆ. ಭಕ್ತಿಯ ಚಿತ್ರಗಳನ್ನು ಸಂಪಾದಕರು ತಮಗೇ ಇಟ್ಟುಕೊಂಡು ದೆವ್ವದ ಚಿತ್ರಗಳನ್ನು ನನಗೆ ಬಿಟ್ಟಿದ್ದರು. ನನಗೂ ಅದೇ ಬೇಕಾಗಿತ್ತು. ಮುಧೋಳದ ತಂಬು ಟಾಕೀಜಿಗೆ ಹಳೆಯ ಮೂಕಿ ಚಿತ್ರ ಬಂದರೂ ಸೈಕಲ್ ಹತ್ತಿ ಹೋಗುತ್ತಿದ್ದೆ. ಒಮ್ಮೆ ಅಲ್ಲಿ ಹೆಣವೊಂದು ಪೆಟ್ಟಿಗೆಯಿಂದ ಎದ್ದು ಕೂತಿತು, ಅಷ್ಟರಲ್ಲಿ ರೀಲು ಹರಿಯಿತು. ಮತ್ತೆ ಶುರುವಾದಾಗ ನಾಯಕನ ಮದುವೆ ನಡೆದಿತ್ತು. ಹೆಣ ಎಲ್ಲಿ ಹೋಯಿತೋ ಇಂದಿಗೂ ನನಗೆ ಗೊತ್ತಿಲ್ಲ. ಅದನ್ನೇ ಬರೆದೆ. ದೆವ್ವದ ಕಾಲಲ್ಲಿ ಚಪ್ಪಲಿ ಕಂಡದ್ದು, ಅದನ್ನು ನೋಡಿಯೂ ಜನ ಚೀರಿದ್ದು, ಇಂಥವನ್ನು ಗೇಲಿ ಮಾಡಿ ಬರೆಯುವುದು ನನ್ನ ಚಾಳಿ.

ನಮ್ಮ ಮನೆ ಬನಹಟ್ಟಿಯಲ್ಲಿ. ಅಪ್ಪ ಮಗ್ಗದ ಮೇಲೆ, ಚಿಗವ್ವ ನೂಲು ಸುತ್ತುವ ರಾಟಿಯ ಮುಂದೆ. ನನ್ನ ಹಡೆದವ್ವ ನಾನು ಎರಡು ವರ್ಷದವನಿದ್ದಾಗ ತೀರಿಕೊಂಡಿದ್ದಳು. ಮರುವರ್ಷ ಅಪ್ಪನ ಕೈಹಿಡಿದು ಬಂದು ನನ್ನನ್ನು ಸಾಕಿದವಳು ಚಿಗವ್ವ.

ಒಂದು ದಿನ ಜಮಖಂಡಿಯಲ್ಲಿ ಬಳಗದವರ ಮನೆಯ ಬಸುರಿ ಸೊಸೆಯ ಕುಬಸಕ್ಕೆ ಚಿಗವ್ವ, ನಾನು ಇಬ್ಬರೂ ಹೋಗಿದ್ದೆವು. ಊಟ ಮುಗಿದರೂ ಬಸ್ಸಿಗೆ ಬಹಳ ಹೊತ್ತಿತ್ತು. ಆಕೆ ಸಿನೆಮಾ ಕಂಡವಳೇ ಅಲ್ಲ. ಕಥೆ ಏನೆಂದು ಕೇಳಿಕೊಳ್ಳದೆ ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋದೆ. ಹೆಂಗಸರ ಕಡೆ ಆಕೆಯನ್ನು ಕೂಡಿಸಿ, ನಾನು ಗಂಡಸರ ಕಡೆ ಕೂತೆ.

ಹಿಂದಿ ಚಿತ್ರ. ಸತ್ತ ಮೊದಲ ಹೆಂಡತಿ ದೆವ್ವವಾಗಿ ಬಂದು ಎರಡನೆಯವಳನ್ನು ಕಾಡುತ್ತಾಳೆ. ಕಾಲು ತಾಸು ಆದ ಮೇಲೆ ನನಗೆ ಕಸಿವಿಸಿಯಾಯಿತು. ಇಂಟರ್ವಲ್‌ನಲ್ಲಿ ಹೋಗಿ ನೋಡಿದರೆ ಚಿಗವ್ವ ತನ್ನ ಜಾಗದಲ್ಲಿರಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದಳು.

"ಅಂಜಿಕಿ ಬಂತೇನಬೇ?" ಎಂದೆ.

"ಬಂತು. ಆದ್ರ ಆಕಿ ಬರೇ ಎರಡನೇದಾಕಿನ್ನ ಕಾಡಾಕತ್ತಾಳ ನೋಡು. ತೊಟ್ಟಲದಾಗ ತನ್ನ ಕೂಸು ಮಲಗೇತಿ. ಒಮ್ಮೆರೆ ಹಣಿಕಿ ಹಾಕಿದಳೇನು?"

ನಾನೂ ಆಕೆಯ ಪಕ್ಕದಲ್ಲಿ ಕೂತೆ. ಆಕೆಯೇ ಮುಂದುವರಿಸಿದಳು: "ನಾ ಮನಿಗೆ ಬಂದ ಹೊಸದಾಗ ನಿಮ್ಮವ್ವ ಬರತಾಳಂತ ಭಾಳ ಅಂಜತಿದ್ದೆ. ನಿನಗ ಉಣಿಸಿ ಮಲಗಿಸಿ, ಮೂಲಿಕಡೆ ತಿರುಗಿ, 'ನೋಡಕ್ಕಾ, ಉಂಡಾನ, ಮಲಗ್ಯಾನ, ನೀ ಇನ್ನ ಹೋಗು' ಅಂತಿದ್ದೆ."

"ಎಷ್ಟು ದಿನ ಹಂಗ ಹೇಳಿದಿ?"

"ನೀ ಸಾಲಿಗೆ ಹೋಗೂತನಕ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಇದು ಗೊತ್ತಿರಲಿಲ್ಲ. ನಾವು ಮತ್ತೆ ಒಳಗೆ ಹೋಗಲಿಲ್ಲ.

ಆ ವಾರ ನಾನು ಗೇಲಿ ಮಾಡಲಿಲ್ಲ. ಅರ್ಧ ಚಿತ್ರ ಮಾತ್ರ ನೋಡಿದ್ದೇನೆಂದು ಮೊದಲೇ ಒಪ್ಪಿಕೊಂಡು, ತಾಯಿಯಾದವಳು ದೆವ್ವವಾದರೂ ಮೊದಲು ತೊಟ್ಟಿಲ ಹತ್ತಿರ ಹೋಗುತ್ತಾಳೆ, ಚಿತ್ರ ತೆಗೆದವರಿಗೆ ಅಷ್ಟೂ ತಿಳಿಯಲಿಲ್ಲ ಎಂದು ಬರೆದೆ. ನಾನು ಪತ್ರಿಕೆಯ ಕಚೇರಿಯಲ್ಲಿದ್ದಾಗ ಟಾಕೀಜಿನ ಮ್ಯಾನೇಜರ್ ಅಲ್ಲಿಗೇ ಬಂದ. "ಪೂರ್ತಿ ನೋಡಿ ಬರೀರಿ ಮಾಸ್ತರ" ಎಂದ. ಅವನ ಮಾತು ಸರಿಯಾಗಿತ್ತು. ಮುಂದಿನ ಆದಿತ್ಯವಾರ ಹೋಗಿ ಪೂರ್ತಿ ನೋಡಿದೆ. ಉಳಿದ ಅರ್ಧದಲ್ಲಿ ಆ ದೆವ್ವ ತೊಟ್ಟಿಲಿಗೆ ಬಂದೇ ಬಂದಿತು.

ಮನೆಗೆ ಬಂದು ಚಿಗವ್ವನಿಗೆ ಹೇಳಿದೆ. ಆಕೆ ರಾಟಿ ನಿಲ್ಲಿಸಿದಳು.

"ಬಂದು ಏನ್ ಮಾಡಿದಳು?"

"ಕೂಸಿನ ಹೊದಿಕಿ ಸರಿ ಮಾಡಿ ಹೋದಳು."

"ಎರಡನೇದಾಕಿ?"

"ಬಾಗಲದಾಗ ನಿಂತು ನೋಡಿದಳು. ಓಡಲಿಲ್ಲ."

"ನನಗ ಕರಕೊಂಡು ನಡಿ" ಎಂದಳು.

ಈ ಸಲ ಆಕೆ ಮೊದಲಿನಿಂದ ಕೊನೆಯವರೆಗೂ ಕೂತಳು. ಅಂಜುವ ಜಾಗದಲ್ಲಿ ಉಳಿದ ಹೆಂಗಸರ ಜೊತೆ ಆಕೆ ಚೀರಿದ್ದು ನನಗೂ ಕೇಳಿಸಿತು. ತೊಟ್ಟಿಲ ದೃಶ್ಯ ಬಂದಾಗ ಆ ಕಡೆ ಯಾರ ದನಿಯೂ ಇರಲಿಲ್ಲ. ಹೊರಗೆ ಬಂದಾಗ ಆಕೆ ಅತ್ತಂತೆ ಕಾಣಿಸಿತು.

ಬಸ್ಸಿನಲ್ಲಿ ಆಕೆ ಅಂದಳು: "ದೆವ್ವ ಆದಾಕಿ ಬಗ್ಗೆ ಭಾಳ ಬರದಿ. ಎರಡನೇದಾಕಿ ಪಾರ್ಟ್ ಮಾಡಿದಾಕಿ ಛಲೋ ಮಾಡ್ಯಾಳ. ಅದನ್ನೂ ಬರಿ."

ಆ ನಟಿಯ ಬಗ್ಗೆ ನಾನು ಒಂದು ಸಾಲೂ ಬರೆದಿರಲಿಲ್ಲ. ಮುಂದಿನ ವಾರ ತಪ್ಪೊಪ್ಪಿಗೆಯ ಜೊತೆಗೆ ಅದನ್ನೂ ಬರೆದು ಕಳಿಸಿದೆ.