ಮಾನ್ವಿ ಸ್ಟುಡಿಯೋದ ಎರಡು ಡ್ರೈವ್‌ಗಳು

ಮಾನ್ವಿಯ ಆ ಫೋಟೋ ಸ್ಟುಡಿಯೋದಲ್ಲಿ ಬದುಕಿರುವವರಿಗಿಂತ ತೀರಿಕೊಂಡವರ ಕೆಲಸವೇ ಹೆಚ್ಚು. ಯಾರದೋ ಮನೆಯಲ್ಲಿ ಸಾವಾಗುತ್ತದೆ, ಎರಡು ದಿನ ಬಿಟ್ಟು ಮಕ್ಕಳು ಬಂದು ನಿಲ್ಲುತ್ತಾರೆ. "ಚಾಚಾ, ನಮ್ಮವ್ವಂದು ಒಂದು ಫೋಟೋ ನಿಮ್ಮ ಹತ್ರ ಇರ್ಬೇಕು ನೋಡ್ರಿ." ಗೋಡೆಗೆ ತೂಗುಹಾಕಿ ಹಾರ ಹಾಕಲು ಒಂದು ಮುಖ ಬೇಕು. ಆಧಾರ್ ಕಾರ್ಡಿನ ಮುಖ ಅದಕ್ಕೆ ಬರುವುದಿಲ್ಲ. ಅದರಲ್ಲಿ ಎಲ್ಲರೂ ಬದುಕಿದ್ದಾಗಲೇ ಸತ್ತಂತೆ ಕಾಣುತ್ತಾರೆ. ಮೊಬೈಲಿನಲ್ಲಿದ್ದದ್ದು ಮೊಬೈಲಿನ ಜೊತೆಗೇ ಹೋಗಿರುತ್ತದೆ. ಸ್ಟುಡಿಯೋದ ಚಾಚಾ ಮಾತ್ರ ತಾವು ತೆಗೆದ ಒಂದು ಫೋಟೋವನ್ನೂ ಅಳಿಸಿದವರಲ್ಲ. ಯಾವ ಊರು, ಯಾರ ಮದುವೆ ಎಂದು ಕೇಳುತ್ತಾರೆ, ಹುಡುಕಿ ತೋರಿಸುತ್ತಾರೆ. "ಮಂದಿ ತಮ್ಮ ಮುಖ ನನ್ನ ಹತ್ರ ನಂಬಿ ಇಟ್ಟು ಹೋಗ್ಯಾರ ಬೇಟಿ," ಎನ್ನುತ್ತಿದ್ದರು.

ಆ ಮುಖಗಳನ್ನೆಲ್ಲ ಇಟ್ಟ ಸರ್ವರ್ ಜೋಡಿಸಿದವಳು ನಾನು.

ನಾನು ರಾಯಚೂರಿನವಳು. ಸರ್ವರ್ ಬಿಚ್ಚುವುದು, ಡ್ರೈವ್ ಬದಲಿಸುವುದು, ಕೆಟ್ಟದ್ದು ಯಾಕೆ ಕೆಟ್ಟಿತೆಂದು ಹುಡುಕುವುದು ನನ್ನ ಕೆಲಸ. ಹೆಣ್ಣುಮಕ್ಕಳೆಂದರೆ ಕೌಂಟರಿನಲ್ಲಿ ಬಿಲ್ ಬರೆಯಲಿಕ್ಕೆ ಎಂದು ಇಡೀ ಬಜಾರು ಅಂದುಕೊಂಡಿದ್ದಾಗ ನನ್ನ ಕೈಗೆ ಸ್ಕ್ರೂಡ್ರೈವರ್ ಕೊಟ್ಟವರು ನಮ್ಮ ಅಂಗಡಿಯ ಯಜಮಾನರು. ಅವರನ್ನು ಅಣ್ಣಾರು ಎನ್ನುತ್ತಿದ್ದೆ. ಬರೀ ಬಾಯಿಮಾತಿಗಲ್ಲ, ಅಣ್ಣ-ತಂಗಿಯರ ಹಬ್ಬವಾದ ಪಂಚಮಿ ಬಂದರೆ ಅವರ ಮನೆಗೆ ಉಂಡಿ ಕೊಟ್ಟು ಬರುತ್ತಿದ್ದೆ. ಅಂಗಡಿಯಲ್ಲಿ ಒಂದು ರೂಢಿ ಇತ್ತು. ಅಣ್ಣಾರು ಪರೀಕ್ಷಿಸಿದ ಡ್ರೈವಿನ ಡಬ್ಬಿಯ ಮೇಲೆ ಅವರ ಸಹಿಯ ಚೀಟಿ ಅಂಟಿರುತ್ತಿತ್ತು. ಚೀಟಿ ಇದ್ದ ಮೇಲೆ ಯಾರೂ ಮತ್ತೆ ಪರೀಕ್ಷಿಸುತ್ತಿರಲಿಲ್ಲ. ಹಾಗೆ ಮಾಡಿದರೆ ಅವರ ಮಾತನ್ನು ನಂಬಲಿಲ್ಲ ಎಂದಾಗುತ್ತದೆ.

ಚಾಚಾರ ಹಳೆಯ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎಂದು ನರಳತೊಡಗಿದಾಗ ಎರಡು ಎಸ್‌ಎಸ್‌ಡಿ, ಅಂದರೆ ಒಳಗೆ ತಿರುಗುವ ತಟ್ಟೆಯಿಲ್ಲದ ಹೊಸ ಬಗೆಯ ಡ್ರೈವ್, ಹಾಕೋಣ ಎಂದೆ. ಒಂದರಲ್ಲಿ ಬರೆದದ್ದು ಅದೇ ಕ್ಷಣ ಇನ್ನೊಂದರಲ್ಲೂ ಬರೆದುಕೊಳ್ಳುತ್ತದೆ. ಒಂದು ಸತ್ತರೆ ಇನ್ನೊಂದು ಕೈಹಿಡಿಯುತ್ತದೆ. ಅಣ್ಣಾರು ಚೀಟಿ ಅಂಟಿಸಿದ ಜೋಡಿ ಡಬ್ಬಿ ಕೊಟ್ಟರು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಚಾಚಾರ ಮುಂದೆ ಡಬ್ಬಿ ತೆರೆದು, "ಹೊಸಾವು ಅದಾವ ಚಾಚಾ, ಇನ್ನ ಚಿಂತಿ ಬಿಡ್ರಿ," ಎಂದೆ.

ಜೋಡಿಸಿದ ಮೇಲೆ ಪರದೆಯಲ್ಲಿ ಡ್ರೈವಿನ ವಿವರ ಬಂತು. ಇದುವರೆಗೆ ಎಷ್ಟು ತಾಸು ಓಡಿದೆ ಎಂಬ ಸಾಲಿನಲ್ಲಿ, ಸೊನ್ನೆಯ ಆಸುಪಾಸು ಇರಬೇಕಾದ ಕಡೆ ಐದಂಕಿಯ ಸಂಖ್ಯೆ ಇತ್ತು. ಎರಡರಲ್ಲೂ. ಹೊರಗೆ ಬಂದು ಅಣ್ಣಾರಿಗೆ ಫೋನ್ ಮಾಡಿದೆ.

"ಕಂಪನ್ಯಾಗ ಟೆಸ್ಟ್ ಮಾಡಿರ್ತಾರ ತಂಗಿ," ಎಂದರು. ಆಮೇಲೆ ನಕ್ಕು, "ನನ್ನ ಚೀಟಿ ಮ್ಯಾಲೂ ಡೌಟೇನು?"

ನನಗೆ ನಾಚಿಕೆಯಾಯಿತು. ಯಾವ ಕಂಪನಿಯೂ ವರ್ಷಗಟ್ಟಲೆ ಕೂತು ಟೆಸ್ಟ್ ಮಾಡುವುದಿಲ್ಲ ಎಂಬುದು ಗೊತ್ತಿದ್ದೂ ಒಳಗೆ ಹೋಗಿ ಆ ಪುಟ ಮುಚ್ಚಿಬಿಟ್ಟೆ. ಫೋಟೋಗಳನ್ನೆಲ್ಲ ಹೊಸದಕ್ಕೆ ತುಂಬಿದ ಮೇಲೆ ಹಳೆಯ ಡಿಸ್ಕನ್ನು ಇಟ್ಟುಕೊಳ್ಳಲೇ ಎಂದು ಚಾಚಾ ಕೇಳಿದರು. ಎರಡರಲ್ಲಿ ಇದೆಯಲ್ಲ, ಈ ನರಳುವ ಮುದುಕನನ್ನು ಕಟ್ಟಿಕೊಂಡು ಏನು ಮಾಡುತ್ತೀರಿ ಎಂದು ನಾನೇ ಅದನ್ನು ಗುಜರಿಗೆ ಹಾಕಿಸಿದೆ. ಬೇರೆಯಾಗಿ ಒಂದು ನಕಲು ಎತ್ತಿಡಬೇಕು ಎಂಬುದು ಈ ಕೆಲಸದ ಮೊದಲ ಪಾಠ. ಜಾಣೆ ನಾನು, ಅದನ್ನೇ ಮರೆತೆ.

ಎಂಟು ತಿಂಗಳಿಗೆ ಒಂದು ಡ್ರೈವ್ ಸತ್ತಿತು. ಚಾಚಾ ಫೋನ್ ಮಾಡಿದಾಗ ಗಾಬರಿಯಾಗಲಿಲ್ಲ. ಎರಡು ಹಾಕಿದ್ದು ಇದಕ್ಕೇ ಅಲ್ಲವೇ? ಬೆಳಗಿನ ಬಸ್ಸಿಗೆ ಹೋದೆ. ಸ್ಟುಡಿಯೋದ ಬೆಂಚಿನ ಮೇಲೆ ಕುರ್ಡಿಯಿಂದ ಬಂದ ಹೆಣ್ಣುಮಗಳೊಬ್ಬಳು ಕೂತಿದ್ದಳು. ಅವಳ ತಾಯಿ ತೀರಿಕೊಂಡಿದ್ದಳು, ನಾಡಿದ್ದು ಶಿವಗಣಾರಾಧನೆ. ನನ್ನ ಚೀಲ ನೋಡಿ ಎದ್ದು ನಿಂತಳು.

"ನೀವು ಬಂದ್ರಲ್ರೀ, ಇನ್ನ ನಮ್ಮವ್ವ ಸಿಕ್ಕಂಗ ಆತು. ಫೋಟೋ ಅಂದ್ರ ಸೆರಗಿಂದ ಮಾರಿ ಮುಚ್ಕೊಂತಿದ್ಲು. ನನ್ನ ಮಗಳ ಮದುವ್ಯಾಗ ಒಂದ ಸಲ ನಕ್ಕಾಳ್ರಿ."

ಸತ್ತದ್ದನ್ನು ತೆಗೆದು ಹೊಸದನ್ನು ಹಾಕಿದೆ. ಬದುಕಿದ್ದ ಡ್ರೈವಿನಿಂದ ಹೊಸದಕ್ಕೆ ನಕಲು ಶುರುವಾಯಿತು. ಚಾಚಾ ತರಿಸಿದ ಚಹಾ ಆರುವಷ್ಟರಲ್ಲಿ ನಕಲು ನಿಂತಿತು, ಎರಡನೆಯ ಡ್ರೈವೂ ಸತ್ತಿತ್ತು. ಹಳೆಯ ಡಿಸ್ಕಾದರೆ ಸಾಯುವ ಮೊದಲು ಸದ್ದು ಮಾಡಿ ಎಚ್ಚರಿಸುತ್ತದೆ. ಇದು ಚಕಾರ ಎತ್ತಲಿಲ್ಲ. ಪರದೆಯಲ್ಲಿ ಡ್ರೈವಿನ ನಂಬರ್ ಮಾತ್ರ ಉಳಿದಿತ್ತು, ಒಳಗಿನ ಒಂದು ಮುಖವೂ ಇಲ್ಲ. ಹೈದರಾಬಾದಿನಲ್ಲಿ ಸತ್ತ ಡ್ರೈವುಗಳಿಂದ ಡೇಟಾ ತೆಗೆಯುವವರಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, ಆಸೆ ಬಿಡಿ ಎಂದರು.

ಆ ನಂಬರನ್ನು ಎಲ್ಲೋ ಬರೆದ ನೆನಪು. ಹೊರಗಿನ ಲೇಬಲ್ಲಿನ ನಂಬರ್ ಬೇರೆಯೇ ಇತ್ತು. ನನ್ನ ನೋಟ್‌ಬುಕ್ ತಿರುವಿದೆ. ದೇವದುರ್ಗದ ಹತ್ತಿ ಮಿಲ್ಲೊಂದರ ಸರ್ವರಿನಿಂದ ನಾನೇ ಬಿಚ್ಚಿ ತಂದ ಜೋಡಿ! ಎಸ್‌ಎಸ್‌ಡಿಗೆ ಇಷ್ಟೇ ಸಲ ಬರೆಸಿಕೊಳ್ಳಬಹುದು ಎಂಬ ಆಯುಷ್ಯ ಇರುತ್ತದೆ. ಇವು ಆ ಮಿಲ್ಲಿನಲ್ಲಿ ಒಟ್ಟಿಗೇ ಬರೆಸಿಕೊಂಡು ಒಟ್ಟಿಗೇ ಸವೆದಿದ್ದವು. ಒಡೆದು ಹಾಕುತ್ತೇನೆ ಎಂದು ನನ್ನಿಂದ ಇಸಿದುಕೊಂಡ ಅಣ್ಣಾರು, ಲೇಬಲ್ ಬದಲಿಸಿ, ನನ್ನ ಕೈಯಿಂದಲೇ ಮಾನ್ವಿಗೆ ಕಳಿಸಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಮಧ್ಯಾಹ್ನವೇ ರಾಯಚೂರಿಗೆ ಹೋಗಿ ಎರಡನ್ನೂ ಅವರ ಟೇಬಲ್ಲಿನ ಮೇಲೆ ಕುಕ್ಕಿದೆ. ಅವರು ಸುಳ್ಳು ಹೇಳುವ ಗೋಜಿಗೂ ಹೋಗಲಿಲ್ಲ.

"ಹೊಸಾವು ದೊಡ್ಡ ಗಿರಾಕಿಗೆ ಅರ್ಜೆಂಟ್ ಹಾಕಬೇಕಾತು. ಅಲ್ಲೇನು, ಹಳೇ ಮದುವಿ ಫೋಟೋ. ಯಾರು ನೋಡ್ತಾರ ಅನ್ಕೊಂಡೆ."

"ನನಗರ ಹೇಳ್ಬೇಕಿತ್ತಲ್ರೀ ಅಣ್ಣಾರ."

"ಹೇಳಿದ್ರ ನೀ ಒಯ್ತಿದ್ದೇನು?"

ಎಲ್ಲಕ್ಕಿಂತ ಆ ಮಾತು ನನ್ನನ್ನು ಸುಟ್ಟಿತು. ನಾನು ಎಂಥವಳೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದು ಗೊತ್ತಿದ್ದೇ ನನ್ನ ನಂಬಿಗಸ್ತಿಕೆಯನ್ನು ಇನ್ನೊಂದು ಚೀಟಿಯಂತೆ ಡಬ್ಬಿಯ ಮೇಲೆ ಅಂಟಿಸಿದ್ದರು. ಕಲಿಸಿದವರ ಮೇಲೆ ಅಷ್ಟು ಅಸಹ್ಯ ಹುಟ್ಟುತ್ತದೆಂದು ನಾನು ಎಣಿಸಿರಲಿಲ್ಲ. ಮತ್ತೆ ಆ ಅಂಗಡಿಯ ಮೆಟ್ಟಿಲು ತುಳಿದಿಲ್ಲ.

ಮರುದಿನ ಮಾನ್ವಿಗೆ ಹೋದೆ. ಕುರ್ಡಿಯ ಆ ಹೆಣ್ಣುಮಗಳು ತಾಯಿಯ ಆಧಾರ್ ಕಾರ್ಡ್ ಹಿಡಿದು ಬಂದಿದ್ದಳು. ಚಾಚಾ ಅದನ್ನೇ ದೊಡ್ಡದು ಮಾಡಿ, ಕಣ್ಣಿನ ಕೆಳಗಿನ ಕಪ್ಪು ತಿದ್ದುತ್ತಿದ್ದರು. "ನಗಿಸಾಕ ಬರಲ್ಲ ಯವ್ವಾ," ಎಂದು ಅವಳಿಗೆ ಹೇಳುವುದು ಕೇಳಿಸಿತು. ನಾನು ನಿಂತಲ್ಲೇ ಎಲ್ಲ ಹೇಳಿದೆ. ದೇವದುರ್ಗದ ಮಿಲ್ಲು, ಬದಲಾದ ಲೇಬಲ್ಲು, ಅಣ್ಣಾರ ಮೋಸ. ಹೇಳುತ್ತ ಹೇಳುತ್ತ ನನ್ನ ದನಿ ಏರಿತು, ಅಳುವೂ ಬಂತು. ಚಾಚಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಅಣ್ಣಾರ ಯಾರಂತ ನನಗ ಗೊತ್ತಿಲ್ಲ ಬೇಟಿ. ಡಬ್ಬಿ ತೆರೆದು ಹೊಸಾವು ಅಂದಾಕಿ ನೀನು. ಅವತ್ತು ನಿನಗ ಏನೂ ಕಾಣಲಿಲ್ಲೇನು?"

"ಕಂಡಿತ್ತು ಚಾಚಾ."

ಬೆಂಚಿನ ಮೇಲಿದ್ದ ಹೆಣ್ಣುಮಗಳು ತಲೆಯೆತ್ತಿ ನನ್ನನ್ನು ನೋಡಿದಳು. ಅಲ್ಲಿಯವರೆಗೆ ಆಕೆ ನನ್ನನ್ನು ರಿಪೇರಿಗೆ ಬಂದವಳು ಎಂದುಕೊಂಡಿದ್ದಳು.