ರಜೆ ದಿನದ ಮಾತ್ರೆ

ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಅದು ಉಸ್ಸೆಂದು ಇಳಿಯುವವರೆಗೂ ಡಾಕ್ಟರು ನನ್ನ ಮುಖ ನೋಡಲಿಲ್ಲ. ಆಮೇಲೆ ಚೀಟಿ ಬರೆದು, "ದಿನಾ ಬೆಳಿಗ್ಗೆ ಒಂದು. ಮೂತ್ರಕ್ಕೆ ಸ್ವಲ್ಪ ಜಾಸ್ತಿ ಹೋಗಬೇಕಾಗುತ್ತೆ, ಗಾಬರಿಯಾಗಬೇಡಿ" ಎಂದರು. ಬಿಪಿ ಬಂದದ್ದಕ್ಕೆ ನನಗೇನೂ ಆಶ್ಚರ್ಯವಾಗಲಿಲ್ಲ. ನಮ್ಮಮ್ಮನಿಗೂ ಇತ್ತು, ಉಪ್ಪಿನಕಾಯಿ ಇಲ್ಲದೆ ನನಗೆ ಅನ್ನ ಇಳಿಯುವುದಿಲ್ಲ, ಬರದೆ ಇನ್ನೇನು ಮಾಡುತ್ತದೆ ಹೇಳಿ? ಆದರೆ ಡಾಕ್ಟರ ಆ ಎರಡನೆಯ ಮಾತಿಗೆ ಮುನಿರತ್ನಕ್ಕ ನೆನಪಾದಳು.

ಬೆಂಗಳೂರಿಗೆ ಹೋಗುವ ಬೆಳಗಿನ ರೈಲನ್ನು ಅವಳು ಉರಿಗಾಂನಲ್ಲೇ ಹತ್ತಿ, ಬಂಗಾರಪೇಟೆಯಲ್ಲಿ ಹತ್ತುವ ನನಗಾಗಿ ಟವೆಲು ಹಾಸಿ ಜಾಗ ಹಿಡಿದಿರುತ್ತಿದ್ದಳು. ಇಬ್ಬರಿಗೂ ಒಂದೇ ಆಫೀಸು. ನಾನು ಕುರ್ಚಿಯಲ್ಲಿ ಕೂತು ಟೈಪು ಮಾಡುವವಳು, ಅವಳು ನೆಲ ಒರೆಸಿ ಟಾಯ್ಲೆಟ್ ತೊಳೆಯುವವಳು. ನಮ್ಮ ಬೋಗಿಯಲ್ಲಿ ಬಿಪಿ ಇಲ್ಲದವರೇ ಕಡಿಮೆ ಎನ್ನಿ. ಎಲ್ಲರೂ ಕತ್ತಲಲ್ಲೇ ಎದ್ದು, ಹಸು ಕರೆದು, ಅಡುಗೆ ಮಾಡಿಟ್ಟು ಓಡಿ ಬಂದವರು. "ನಿಂದೆಷ್ಟು ಬಂತು?" ಎಂದು ಮಕ್ಕಳ ಮಾರ್ಕ್ಸು ವಿಚಾರಿಸುವ ಹಾಗೆ ಕೇಳಿಕೊಳ್ಳುತ್ತಿದ್ದರು. ಕೇಳುತ್ತಲೇ ಒಣಮೀನಿನ ಡಬ್ಬಿ ಕೈಯಿಂದ ಕೈಗೆ ಹೋಗುತ್ತಿತ್ತು. ಅವರ ಚೀಟಿಗಳನ್ನೆಲ್ಲ ಓದಿ ಹೇಳುವ ಪಂಡಿತೆ ನಾನು. ಪಿಯುಸಿ ಪಾಸಾದವಳಿಗೆ ಅಷ್ಟು ಗತ್ತಾದರೂ ಬೇಡವೇ?

ಒಂದು ದಿನ ಮುನಿರತ್ನಕ್ಕನ ಚೀಲದಲ್ಲಿ ತಿಂಗಳ ಹಿಂದೆಯೇ ಮುಗಿಯಬೇಕಿದ್ದ ಬಿಪಿ ಮಾತ್ರೆ ಹಾಗೇ ಉಳಿದದ್ದು ಕಂಡು ಗದರಿದೆ. ಅವಳು ನನ್ನ ಕಿವಿಯ ಹತ್ತಿರ ಬಗ್ಗಿದಳು.

"ನುಂಗಿದ್ರೆ ಗಂಟೆಗೊಂದ್ಸಲ ಓಗ್ಬೇಕು ಕಣಮ್ಮ. ಎಲ್ಲಿಗೋಗ್ಲಿ? ಮೇಲಿನ್ ಟಾಯ್ಲೆಟ್ ತೊಳ್ಯೋದು ನಾನೇ, ನಾನು ಒಳಗೋದ್ರೆ ಸೂಪರ್‌ವೈಜರ್ ಬಯ್ತಾನೆ. ನಮ್ಗೆ ಅಂತ ಕೆಳಗಡೆ ಒಂದೈತೆ, ಊಟದೊತ್ತಿಗೆ ಮಾತ್ರ ಬೀಗ ತೆಗೀತಾರೆ. ನೀರೇ ಕುಡಿಯಲ್ಲ ನಾನು."

ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. 'ಸ್ಟಾಫ್‌ಗೆ ಮಾತ್ರ' ಎಂಬ ಹಾಳೆಯನ್ನು ಟೈಪು ಮಾಡಿ ಆ ಬಾಗಿಲಿಗೆ ಅಂಟಿಸಿದವಳೇ ನಾನು. ಆಗ ನಾನು ಮಾಡಬಹುದಾಗಿದ್ದ ಕೆಲಸ ಒಂದಿತ್ತು, ಮ್ಯಾನೇಜರ ಕೋಣೆಗೆ ಹೋಗಿ ಕೇಳುವುದು. ಅದರ ಬದಲು, "ಹಾಗಾದ್ರೆ ರಜೆ ದಿನವಾದ್ರೂ ತಪ್ಪದೆ ತಗೋ ಅಕ್ಕ" ಎಂದೆ. ದೊಡ್ಡ ಉಪಾಯ ಹೇಳಿಕೊಟ್ಟೆ ಎಂದು ಒಳಗೊಳಗೇ ಬೀಗಿದೆ ಕೂಡ.

ಒಂದು ಸೋಮವಾರ ರೈಲಿನಲ್ಲಿ ನನಗೆ ಜಾಗವಿರಲಿಲ್ಲ. ಫೋನು ಮಾಡಿದರೆ ಅವಳ ಮಗಳು ಎತ್ತಿದಳು. "ಅಮ್ಮಂಗೆ ಲಕ್ವ ಒಡೆದ್ಬುಡ್ತು ಆಂಟಿ. ಎಡಗಡೆ ಪೂರ್ತಿ ಬಿದ್ದೋಯ್ತು."

ನೋಡಲು ಹೋದಾಗ ಗೋಡೆಗೆ ಒರಗಿ ಕೂತಿದ್ದಳು. ನಾಲಿಗೆ ತೊದಲುತ್ತಿತ್ತು. "ನೀನೇಳ್ದಂಗೇ ತಗೊಂಡೆ ಕಣಮ್ಮ. ಒಂದ್ ಬಾನುವಾರಾನೂ ತಪ್ಪಿಸ್ಲಿಲ್ಲ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಹೇಳಿದ್ದು ತಪ್ಪು ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಹೇಳುವ ಧೈರ್ಯ ನನಗೂ ಬರಲಿಲ್ಲ. ಆರು ತಿಂಗಳು ಹಾಗೇ ಇದ್ದು ತೀರಿಹೋದಳು.

ಇವತ್ತು ಮಾತ್ರೆಯ ಮೊದಲ ದಿನ. ಆಫೀಸಿನಲ್ಲಿ ಮಧ್ಯಾಹ್ನದೊಳಗೆ ನಾಲ್ಕು ಸಲ ಎದ್ದು ಹೋದೆ, ಯಾರೂ ಏಕೆಂದು ಕೇಳಲಿಲ್ಲ. ನಾಲ್ಕನೆಯ ಸಲ ಹೊರಬರುವಾಗ ಬಾಗಿಲಲ್ಲಿ ಬಕೆಟ್ಟು ಹಿಡಿದು ಹೊಸ ಹೆಂಗಸು ನಿಂತಿದ್ದಳು. "ನೀನೂ ಹೋಗಿ ಬಾರಮ್ಮ" ಎಂದೆ. "ಅಯ್ಯೋ, ಬ್ಯಾಡ ಮೇಡಂ, ಕೆಲ್ಸ ಓಗ್ಬುಡ್ತದೆ" ಎಂದು ಹಿಂದಕ್ಕೆ ಸರಿದಳು.

ನಾನು ನೇರ ಮ್ಯಾನೇಜರ ಕೋಣೆಗೆ ಹೋಗಿ, ತೊಳೆಯುವವರಿಗೂ ಮೇಲಿನ ಟಾಯ್ಲೆಟ್ ಬಿಡಿ ಎಂದೆ. ಅದು ಅವರನ್ನು ಕೆಲಸಕ್ಕೆ ಕಳಿಸುವ ಏಜೆನ್ಸಿಯವರ ವಿಷಯ ಎಂದರು. ನನ್ನ ದನಿ ಏರಿತು. ಇಷ್ಟು ವರ್ಷದಲ್ಲಿ ಅಲ್ಲಿ ಏರಿದ್ದು ಅದೇ ಮೊದಲು.

"ಕೂಗಾಡ್ಬೇಡಿ ಮೇಡಂ, ನಿಮಗೆ ಬಿಪಿ ಇದೆಯಂತಲ್ಲ."

"ಮುನಿರತ್ನಮ್ಮಂಗೂ ಇತ್ತು ಸಾರ್" ಎಂದೆ.

ಅವರು ನನ್ನ ಮುಖ ನೋಡಿದರು. "ಯಾರು ಅದು?" ಎಂದು ಕೇಳಿದರು.